ಪಾದ ಒಳಕ್ಕೆ ವಾಲುತ್ತಾ? ಶೂ ಕೊಳ್ಳೋ ಮುಂಚೆ ಇದನ್ನು ಓದಿ

ಓಡೋದು ಶುರುಮಾಡಿ ಒಂದೆರಡು ತಿಂಗಳಾದ ಮೇಲೆ ಬಹಳ ಜನರ ಕಿವಿಗೆ ಒಂದು ಹೊಸ ಪದ ಬೀಳುತ್ತದೆ: ಓವರ್‌ಪ್ರೊನೇಷನ್. ಶೂ ಅಂಗಡಿಯಲ್ಲಿ ಟ್ರೆಡ್‌ಮಿಲ್ ಮೇಲೆ ಅರ್ಧ ನಿಮಿಷ ಓಡಿಸಿ, ಹಿಂದಿನಿಂದ ವಿಡಿಯೊ ತೆಗೆದು, ‘ನಿಮ್ಮ ಪಾದ ಒಳಗಡೆ ವಾಲ್ತಿದೆ, ಸ್ಟೆಬಿಲಿಟಿ ಶೂನೇ ಬೇಕು’ ಅಂತಾರೆ. ಕೇಳಿದವರಿಗೆ ಯಾವುದೋ ಕಾಯಿಲೆ ಪತ್ತೆಯಾದಷ್ಟು ಗಾಬರಿ. ಆಮೇಲೆ ತೋರಿಸೋ ಶೂಗಳ ಬೆಲೆ ಸಾಮಾನ್ಯವಾಗಿ 10 ಸಾವಿರ ದಾಟಿರುತ್ತದೆ.

ಮೊದಲು ಗಾಬರಿ ಬಿಡಿ. ಓಡುವಾಗ ನಮ್ಮಲ್ಲಿ ಹೆಚ್ಚಿನವರ ಹಿಮ್ಮಡಿಯ ಹೊರಅಂಚು ಮೊದಲು ನೆಲಕ್ಕೆ ತಾಗುತ್ತದೆ, ಆಮೇಲೆ ಪಾದ ಸ್ವಲ್ಪ ಒಳಕ್ಕೆ ಉರುಳುತ್ತದೆ. ಇದೇ ಪ್ರೊನೇಷನ್. ನೆಲದ ಹೊಡೆತವನ್ನು ದೇಹ ತಡೆದುಕೊಳ್ಳುವ ರೀತಿಯೇ ಇದು. ಹಳೇ ಶೂ ಹಿಮ್ಮಡಿಯ ಹೊರಬದಿಯಲ್ಲಿ ಸವೆದಿದ್ದರೆ ಅದು ಮಾಮೂಲಿ. ಈ ಉರುಳುವಿಕೆ ಜಾಸ್ತಿಯಾದಾಗ ಮಾತ್ರ ‘ಓವರ್’ ಸೇರುತ್ತದೆ. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಇಡೀ ಶೂ ಒಳಬದಿಗೆ ವಾಲಿ ನಿಂತಿದ್ದರೆ, ಅಟ್ಟೆಯ ಒಳಅಂಚು ಹೆಚ್ಚು ಸವೆದಿದ್ದರೆ, ಆಗ ಯೋಚಿಸಬಹುದು.

ಒದ್ದೆ ಕಾಲಿನ ಪರೀಕ್ಷೆ ನಿಮಗೂ ಗೊತ್ತಿರಬಹುದು. ಸ್ನಾನದ ಮನೆಯಿಂದ ಬಂದು ನೆಲದ ಮೇಲೆ ಹೆಜ್ಜೆ ಇಟ್ಟು, ಅಚ್ಚು ಪೂರ್ತಿ ಮೂಡಿದರೆ ಚಪ್ಪಟೆ ಪಾದ ಅನ್ನೋದು. ಅಮೆರಿಕದ ಸೇನೆ, ವಾಯುಪಡೆ ಮತ್ತು ಮರೀನ್ ಪಡೆಗೆ ಸೇರಿದ ಹೊಸಬರಿಗೆ ಹೀಗೇ ಪಾದದ ಆಕಾರ ನೋಡಿ ಶೂ ಹಂಚಿ ಪರೀಕ್ಷಿಸಿದ್ದರು. ಗಾಯಗಳೇನೂ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಡೆನ್ಮಾರ್ಕಿನಲ್ಲಿ 927 ಹೊಸ ಓಟಗಾರರಿಗೆ ಸಾದಾ ನ್ಯೂಟ್ರಲ್ ಶೂ ಕೊಟ್ಟು ಒಂದು ವರ್ಷ ಗಮನಿಸಿದರು (ವರದಿ ಬಂದದ್ದು 2014ರಲ್ಲಿ). ಪಾದ ಒಳಕ್ಕೆ ವಾಲುವವರಿಗೆ ಹೆಚ್ಚು ಪೆಟ್ಟಾಗಲಿಲ್ಲ. ಹಾಗಂತ ಸ್ಟೆಬಿಲಿಟಿ ಶೂ ಬರೀ ವ್ಯಾಪಾರ ಅಂತಲೂ ತಳ್ಳಿಹಾಕೋಕೆ ಆಗಲ್ಲ. 2016ರಲ್ಲಿ ಲಕ್ಸೆಂಬರ್ಗಿನ ಸಂಶೋಧಕರು 372 ಓಟಗಾರರನ್ನು ಆರು ತಿಂಗಳು ಗಮನಿಸಿದಾಗ, ಪಾದ ವಾಲುವವರಲ್ಲಿ ಆಧಾರ ಕೊಡುವ ಶೂ ಹಾಕಿದವರಿಗೆ ಗಾಯ ಕಡಿಮೆಯಾಗಿತ್ತು.

ನನ್ನ ಲೆಕ್ಕ ಇಷ್ಟು: ಪಾದ ವಾಲುತ್ತದೆ, ಆದರೆ ನೋವಿಲ್ಲ, ಈಗಿನ ಶೂನಲ್ಲಿ ಆರಾಮಾಗಿ ಓಡ್ತಿದೀರಿ ಅಂದ್ರೆ ಬದಲಾಯಿಸಬೇಡಿ. ಪಾದ ಚೆನ್ನಾಗಿಯೇ ವಾಲುತ್ತಿದ್ದು, ಕಾಲಿನ ಒಳಬದಿಯ ಮೂಳೆ, ಅಂಗಾಲು ಅಥವಾ ಮಂಡಿ ಪದೇ ಪದೇ ನೋಯುತ್ತಿದ್ದರೆ ಸ್ಟೆಬಿಲಿಟಿ ಶೂ ಹಾಕಿ ನೋಡಲು ಕಾರಣವಿದೆ. (ಹೋದ ವಾರ ಮೂರು ಕಿಲೋಮೀಟರ್ ಓಡಿ ಈ ವಾರ ಒಮ್ಮೆಲೇ ಹತ್ತು ಓಡಿದ್ದರೆ, ಶೂನ ಬಯ್ಯಬೇಡಿ!)

ಈ ಶೂಗಳಲ್ಲಿ ಇರೋದಾದ್ರೂ ಏನು? ಹಿಂದೆಲ್ಲ ಒಳಬದಿಯಲ್ಲಿ ಗಟ್ಟಿ ಫೋಮ್ ತುಂಡು ಇರುತ್ತಿತ್ತು. ಕೆಲವರಿಗೆ ಅದು ಪಾದದ ಕಮಾನಿಗೆ ಕಲ್ಲಿನಂತೆ ಒತ್ತುತ್ತಿತ್ತು. ಈಗ ಆ ಗಟ್ಟಿತನ ಕಡಿಮೆಯಾಗುತ್ತಿದೆ. ಬ್ರೂಕ್ಸ್ ಅಡ್ರಿನಲಿನ್‌ನಲ್ಲಿ ಹಿಮ್ಮಡಿಯ ಎರಡೂ ಬದಿಗೆ ಅಡ್ಡಗಟ್ಟೆಯಂಥ ಗೈಡ್‌ರೇಲ್ಸ್ ಇವೆ. ಆಸಿಕ್ಸ್ ಕಯಾನೊ ಕೂಡ 2023ರ 30ನೇ ಆವೃತ್ತಿಯಲ್ಲಿ ಹಳೇ ಗಟ್ಟಿ ತುಂಡನ್ನು ಬಿಟ್ಟು, ಅಗಲವಾದ ತಳ ಮತ್ತು ಮೆತ್ತನೆ ಫೋಮಿಗೆ ಬಂತು. ಹಾಗಾಗಿ ಐದಾರು ವರ್ಷದ ಹಿಂದೆ ಸ್ನೇಹಿತರು ‘ಅದು ಇಟ್ಟಿಗೆ ಥರ ಇದೆ’ ಅಂದಿದ್ದನ್ನು ನಂಬಿ ಕೂರಬೇಡಿ. ಹೆಸರು ಅದೇ ಇದ್ದರೂ ಶೂ ಬೇರೆಯೇ ಆಗಿರುತ್ತದೆ.

ಅಂಗಡಿಗೆ ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಆಗೋದು. ನೀವು ಓಡುವಾಗ ಹಾಕುವ ಸಾಕ್ಸನ್ನೇ ತಗೊಂಡು ಹೋಗಿ. ಬೆರಳ ತುದಿಯಿಂದ ಶೂ ಮುಂಭಾಗಕ್ಕೆ ಒಂದು ಹೆಬ್ಬೆರಳಿನಷ್ಟು ಜಾಗ ಬೇಕು, ಹಿಮ್ಮಡಿ ಜಾರಬಾರದು. ಪಾದ ಅಗಲವಿದ್ದರೆ ಒಂದು ಸೈಜ್ ದೊಡ್ಡದು ಕೊಳ್ಳುವ ಬದಲು ವೈಡ್ ಇದೆಯಾ ಅಂತ ಕೇಳಿ. ಆಮೇಲೆ ಒಂದು ಕಾಲಿಗೆ ಸ್ಟೆಬಿಲಿಟಿ, ಇನ್ನೊಂದಕ್ಕೆ ನ್ಯೂಟ್ರಲ್ ಹಾಕಿ ನಡೆಯಿರಿ. ನೋಡೋರು ನಕ್ಕರೆ ನಗಲಿ ಬಿಡಿ, ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ. ಬಳಿಕ ಜೋಡಿ ಸರಿಮಾಡಿಕೊಂಡು ಒಂದೆರಡು ನಿಮಿಷ ಓಡಿ. ‘ಹಾಕ್ತಾ ಹಾಕ್ತಾ ಸರಿಹೋಗುತ್ತೆ’ ಅನ್ನೋ ಮಾತು ಚರ್ಮದ ಚಪ್ಪಲಿಗೆ ಸರಿ. ರನ್ನಿಂಗ್ ಶೂ ಮೊದಲ ದಿನವೇ ಹಿತವಾಗಿರಬೇಕು. ಡಾಕ್ಟರ್ ಹೇಳಿ ಮಾಡಿಸಿದ ಇನ್‌ಸೋಲ್ ಇದ್ದರೆ ಅದನ್ನೂ ಒಯ್ಯಿರಿ. ಅದರ ಜೊತೆಗೆ ನ್ಯೂಟ್ರಲ್ ಶೂನೇ ಸಾಕಾಗಬಹುದು.

ಒಂದೇ ಕಾಲು ಇತ್ತೀಚೆಗೆ ಚಪ್ಪಟೆಯಾಗುತ್ತಿದ್ದರೆ, ಹರಡಿನ ಒಳಬದಿ ಊದಿಕೊಂಡಿದ್ದರೆ, ಅಥವಾ ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿಯುತ್ತಿದ್ದರೆ ಶೂ ಅಂಗಡಿಗಿಂತ ಮೊದಲು ಮೂಳೆ ಡಾಕ್ಟರ ಹತ್ತಿರ ಹೋಗಿ.

ಶೂ ತಂದ ದಿನಾಂಕವನ್ನು ಫೋನಲ್ಲಿ ಬರೆದಿಡಿ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ವಾರಕ್ಕೆ 20 ಕಿಲೋಮೀಟರ್ ಓಡುವವರಿಗೆ ಆರರಿಂದ ಒಂಬತ್ತು ತಿಂಗಳು. ಅಷ್ಟರೊಳಗೆ ಮೇಲ್ಭಾಗ ಹೊಸದರಂತೆ ಕಂಡರೂ ಒಳಗಿನ ಫೋಮ್ ಸುಸ್ತಾಗಿರುತ್ತದೆ. ಅದನ್ನು ತರಕಾರಿ ತರೋಕೆ ಇಟ್ಟುಕೊಳ್ಳಿ.