ಮೂಳೆಯ ಹರಾಜೂ ನಮ್ಮ ಪೇಟೆಯ ಅಂಗಡಿಯೂ

2024ರ ಜುಲೈ 17ರಂದು ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಒಂದು ಡೈನೋಸಾರ್ ಪ್ರಾಣಿಯ ಮೂಳೆಗೂಡು 4 ಕೋಟಿ 46 ಲಕ್ಷ ಡಾಲರಿಗೆ ಬಿಕರಿಯಾಯಿತು. ಪ್ರಾಣಿ ಸತ್ತು ಸುಮಾರು 15 ಕೋಟಿ ವರ್ಷಗಳಾಗಿವೆ. ಹರಾಜಿನವರೇ ಕಟ್ಟಿದ್ದ ಅಂದಾಜು 40ರಿಂದ 60 ಲಕ್ಷ ಡಾಲರ್. ಕೊಂಡವರು ಕೆನ್ ಗ್ರಿಫಿನ್ ಎಂಬ ಅಮೆರಿಕದ ಹಣಕಾಸು ಕುಬೇರರು. ಅಂದಿನ ದರದಲ್ಲಿ ಇದು ಸುಮಾರು 370 ಕೋಟಿ ರೂಪಾಯಿ. ತಿಂಗಳಿಗೆ 20 ಸಾವಿರ ಸಂಬಳದ ಗಿರಣಿ ಕೆಲಸಗಾರನೊಬ್ಬ ಉಣ್ಣದೆ ಉಡದೆ ಕೂಡಿಟ್ಟರೂ ಆ ಮೊತ್ತ ಸೇರಲು 15 ಸಾವಿರ ವರ್ಷ ಸಾಲದು!

ಅಮೆರಿಕದ ಮೂಳೆಯ ಗೊಡವೆ ನಮಗೇಕೆ ಎಂದು ಕೇಳುವವರುಂಟು. ಪಳೆಯುಳಿಕೆ ನಮಗೇನೂ ಹೊಸದಲ್ಲ. ಅನೇಕರ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮವೂ ಪಳೆಯುಳಿಕೆಯೇ. ಹಿಂದೆ ಸಮುದ್ರದಲ್ಲಿ ಬದುಕಿದ್ದ ಅಮ್ಮೊನೈಟ್ ಎಂಬ ಜೀವಿಯ ಕಲ್ಲಾದ ಗುರುತು ಅದು. ನೇಪಾಳದ ಗಂಡಕಿ ನದಿಯಲ್ಲಿ ಸಿಗುತ್ತದೆ. ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದೆಂದು ಹಿರಿಯರು ಹೇಳಿದರು. ಎಲ್ಲಕ್ಕೂ ಬೆಲೆ ಕಟ್ಟಬಲ್ಲೆನೆಂಬುದು ಇಂದಿನ ಬಂಡವಾಳದ ಧರ್ಮ.

ಹಾಗಾದರೆ ಪಳೆಯುಳಿಕೆಯನ್ನು ಮಾರುವುದೇ ತಪ್ಪೇ? ನಾವು ಹಾಗೆನ್ನುವುದಿಲ್ಲ. ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲತೀರದ ಊರಿನಲ್ಲಿ ಮೇರಿ ಆ್ಯನಿಂಗ್ ಎಂಬ ಹೆಣ್ಣುಮಗಳಿದ್ದಳು; ಮರಗೆಲಸದವನ ಮಗಳು. ತಂದೆ 1810ರಲ್ಲಿ ಸಾಲ ಬಿಟ್ಟು ಸತ್ತ. ಬಂಡೆ ಕುಸಿಯುವ ದಂಡೆಯಲ್ಲಿ ಆಯ್ದು ತಂದದ್ದನ್ನು ಪುಟ್ಟ ಅಂಗಡಿಯಲ್ಲಿ ಮಾರಿ ಆಕೆ ಹೊಟ್ಟೆ ಹೊರೆದಳು. ಅಣ್ಣತಂಗಿ 1811-12ರಲ್ಲಿ ಹೊರತೆಗೆದ ಇಕ್ತಿಯೊಸಾರ್ ಎಂಬ ಪ್ರಾಣಿಯ ಮೂಳೆಗೂಡಿಗೆ ಮನೆಯವರಿಗೆ ಸಿಕ್ಕಿದ್ದು 23 ಪೌಂಡ್. 1819ರ ಹರಾಜಿನಲ್ಲಿ ಅದೇ ಮೂಳೆಗೂಡು 45 ಪೌಂಡಿಗೆ ಹೋಯಿತು. ಆಕೆಗೆ ಸಿಕ್ಕ ಇನ್ನೊಂದು ಪ್ರಾಣಿಯನ್ನು 1824ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ವಿವರಿಸಿದ ಪಂಡಿತರು ಅವಳ ಹೆಸರನ್ನೇ ಎತ್ತಲಿಲ್ಲ. ಇಂಥ ಸಣ್ಣ ಅಂಗಡಿಯಿಂದ ವಿಜ್ಞಾನಕ್ಕೆ ಆದದ್ದು ಲಾಭವೇ. ದುಡಿದವಳು ಒಬ್ಬಳು, ದುಡ್ಡು ಹೆಸರುಗಳೆರಡೂ ಇನ್ನೊಬ್ಬರ ಪಾಲು: ರೋಗವಿರುವುದು ಇಲ್ಲಿ.

ಆ ರೋಗ ಈಗ ಉಲ್ಬಣಿಸಿದೆ. 1997ರಲ್ಲಿ "ಸೂ" ಎಂಬ ಹೆಸರಿನ ಟೈರನೊಸಾರಸ್ ಹರಾಜಿಗೆ ಬಂದಾಗ ಸವಾಲು 76 ಲಕ್ಷ ಡಾಲರಿಗೆ ನಿಂತಿತು. ಹರಾಜಿನವರ ದಲ್ಲಾಳಿ ಸೇರಿ ಒಟ್ಟು 83 ಲಕ್ಷ 60 ಸಾವಿರವಾಯಿತು. ಸುತ್ತಿಗೆ ಕುಟ್ಟಿದ ಕೂಲಿಯೇ ಏಳೂವರೆ ಲಕ್ಷ ಡಾಲರ್! ಕೊಂಡ ಷಿಕಾಗೊ ಮ್ಯೂಸಿಯಂ, ಮೆಕ್‌ಡೊನಾಲ್ಡ್ಸ್ ಮತ್ತು ಡಿಸ್ನಿ ಕಂಪನಿಗಳ ಮುಂದೆ ಕೈಯೊಡ್ಡಬೇಕಾಯಿತು. ಇಂದು ಕೈಯೊಡ್ಡಿದರೂ ಬಹುಪಾಲು ಮ್ಯೂಸಿಯಂಗಳಿಗೆ ಎಟುಕುವ ಮಾತಲ್ಲ. 2025ರಲ್ಲಿ ಪ್ರಕಟವಾದ ಎಣಿಕೆಯಂತೆ ಟೈರನೊಸಾರಸ್ ರೆಕ್ಸ್ ಪಳೆಯುಳಿಕೆಗಳಲ್ಲಿ ಸಾರ್ವಜನಿಕ ಸಂಸ್ಥೆಗಳಲ್ಲಿರುವುದು 61, ಖಾಸಗಿಯವರ ಕೈಯಲ್ಲಿರುವುದು 71. ಖಾಸಗಿ ದಿವಾನಖಾನೆಯಲ್ಲಿ ನಿಂತ ಮೂಳೆಯನ್ನು ವಿಜ್ಞಾನಿ ಮತ್ತೆ ಮತ್ತೆ ಪರೀಕ್ಷಿಸುವುದು ಹೇಗೆ? ಶಾಲೆಯ ಮಕ್ಕಳು ನೋಡುವುದು ಹೇಗೆ? ಗ್ರಿಫಿನ್ ಅವರು ತಾವು ಕೊಂಡದ್ದನ್ನು ನಾಲ್ಕು ವರ್ಷದ ಮಟ್ಟಿಗೆ ನ್ಯೂಯಾರ್ಕಿನ ಮ್ಯೂಸಿಯಮ್ಮಿಗೆ ಕೊಟ್ಟಿದ್ದಾರೆ, ನಿಜ. ಆದರೆ ಎರವಲು ಎರವಲೇ. ಮರಳಿ ಕೇಳುವ ಹಕ್ಕು ಧಣಿಯದು.

ವರ್ತಕ ಬಂಧುಗಳೇ, ಈ ಆಟ ನಿಮಗೆ ಪರಿಚಯದ್ದೇ. 2018ರಲ್ಲಿ ವಾಲ್‌ಮಾರ್ಟ್ ಕಂಪನಿ 1,600 ಕೋಟಿ ಡಾಲರ್ ಸುರಿದು ಫ್ಲಿಪ್‌ಕಾರ್ಟ್‌ನ ನೂರಕ್ಕೆ 77 ಪಾಲನ್ನು ಕೊಂಡಿತು. ಅಷ್ಟು ದೊಡ್ಡ ಚೀಲವಿದ್ದವನು ವರ್ಷಗಟ್ಟಲೆ ನಷ್ಟ ತಾಳಬಲ್ಲ. ಉದ್ರಿ ಕೊಟ್ಟು ಊರಿನ ಕಷ್ಟಸುಖ ನೋಡುವ ದಿನಸಿ ಅಂಗಡಿಯವನು ತಾಳಲಾರ. ದೊಡ್ಡ ಮಳಿಗೆಯವನು ಬೆಲೆ ಇಳಿಸಿ ಎದುರಾಳಿಯ ಬಾಗಿಲು ಹಾಕಿಸುತ್ತಾನೆ. ಹರಾಜಿನ ಕುಬೇರ ಬೆಲೆ ಏರಿಸಿ ಮ್ಯೂಸಿಯಮ್ಮನ್ನು ಹೊರಗಟ್ಟುತ್ತಾನೆ. ಏರಿಸಿದರೂ ಇಳಿಸಿದರೂ ಆಯುಧ ಒಂದೇ: ಹಣದ ಚೀಲ. ಇದನ್ನೇ ಅವರು "ಮುಕ್ತ ಪೈಪೋಟಿ" ಎಂದು ಕರೆಯುತ್ತಾರೆ. ಆನೆಗೂ ಆಡಿಗೂ ಎಂಥ ಪೈಪೋಟಿ?

ಇದಕ್ಕೆ ಮದ್ದಿಲ್ಲವೆಂದಲ್ಲ. 2012ರಲ್ಲಿ ಮಂಗೋಲಿಯದಿಂದ ಕದ್ದು ಸಾಗಿಸಿದ್ದ ಡೈನೋಸಾರ್ ಒಂದು ನ್ಯೂಯಾರ್ಕಿನಲ್ಲಿ 10 ಲಕ್ಷಕ್ಕೂ ಹೆಚ್ಚು ಡಾಲರಿಗೆ ಹರಾಜಾಯಿತು. ನೆಲದೊಳಗಿನ ಪಳೆಯುಳಿಕೆ ರಾಷ್ಟ್ರದ ಸೊತ್ತೆಂಬ ಕಾನೂನನ್ನು ಹಿಡಿದು ಆ ದೇಶ ಹಟ ಮಾಡಿತು. 2013ರಲ್ಲಿ ಮೂಳೆಗೂಡು ಮನೆಗೆ ಮರಳಿತು. ಡೆನ್ಮಾರ್ಕಿನದು ಇನ್ನೂ ಒಳ್ಳೆಯ ದಾರಿ. ಅಪರೂಪದ ಪಳೆಯುಳಿಕೆ ಸಿಕ್ಕರೆ ಅದು ಸರ್ಕಾರಕ್ಕೆ ಸೇರಬೇಕು, ಹುಡುಕಿದವನಿಗೆ ಬಹುಮಾನದ ಹಣ ಸಲ್ಲಬೇಕು. ಹುಡುಕಿದವನ ಶ್ರಮಕ್ಕೂ ಮಾನ, ಜನತೆಯ ಸೊತ್ತಿಗೂ ರಕ್ಷಣೆ.

ನಮ್ಮ ನೆಲವೇನೂ ಬಡವಾಗಿಲ್ಲ. ಗುಜರಾತಿನ ರೈಯೋಲಿಯಲ್ಲಿ ಡೈನೋಸಾರ್ ಮೊಟ್ಟೆಗಳೂ ಮೂಳೆಗಳೂ ಸಿಕ್ಕಿವೆ. ಇಂಥ ಸೊತ್ತನ್ನು ಕಾಪಾಡಲೆಂದು ಕೇಂದ್ರ ಸರ್ಕಾರ 2022ರಲ್ಲಿ ಒಂದು ಮಸೂದೆಯ ಕರಡನ್ನು ಪ್ರಕಟಿಸಿತು. ಕಾವಲು ಮತ್ತು ದಂಡ ಮಾತ್ರವಿರುವ ಕಾನೂನು ಸಾಲದು. ಹೊಲ ಉಳುವಾಗ ಮೂಳೆ ಕಂಡ ರೈತನಿಗೂ ಕಲ್ಲು ಒಡೆಯುವಾಗ ಕಂಡ ಕೂಲಿಗೂ ನ್ಯಾಯವಾದ ಬಹುಮಾನ ಸಲ್ಲಬೇಕು. ಮ್ಯೂಸಿಯಮ್ಮಿನ ಫಲಕದಲ್ಲಿ ಅವರ ಹೆಸರಿರಬೇಕು. ಇಲ್ಲವಾದರೆ ಕಳ್ಳ ದಲ್ಲಾಳಿಯೇ ಅವರಿಗೆ ಹತ್ತಿರದವನಾಗುತ್ತಾನೆ.

ಸಣ್ಣ ವ್ಯಾಪಾರ ಬದುಕಲಿ, ದುಡಿದವನಿಗೆ ಬೆಲೆ ಸಿಗಲಿ. ಕೋಟಿ ವರ್ಷ ಭೂಮಿ ಜೋಪಾನ ಮಾಡಿದ್ದನ್ನು ಒಬ್ಬ ಸಾಹುಕಾರ ಒಂದು ಸವಾಲಿನಲ್ಲಿ ಬಾಚಿಕೊಳ್ಳುವುದಕ್ಕೆ ಮಾತ್ರ ಜನತೆ ಒಪ್ಪಬಾರದು.