ಅಜ್ಜನ ಕೈಯೇಕೆ ನಡುಗುತ್ತದೆ?

ಮಕ್ಕಳೇ, ನನಗೆ ಪಾರ್ಕಿನ್ಸನ್ ಕಾಯಿಲೆ. ಸುಮ್ಮನೆ ತೊಡೆಯ ಮೇಲಿಟ್ಟ ಬಲಗೈ ತಾನಾಗಿಯೇ ನಡುಗುತ್ತದೆ. ಹೋದ ಭಾನುವಾರ ಐದನೇ ತರಗತಿಯ ಮೊಮ್ಮಗಳು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, “ಅಜ್ಜ, ಇದು ಜೀನ್‌ನಿಂದ ಬರುತ್ತಂತೆ. ಹಾಗಾದ್ರೆ ನನಗೂ ಬರುತ್ತಾ?” ಎಂದು ಕೇಳಿದಳು.

ಅಜ್ಜಿಯ ಹಳೆಯ ಮಣಿಸರ ತರಿಸಿದೆ. ದಾರ ಸವೆದಿತ್ತು. “ನೋಡು ಪುಟ್ಟಿ, ನಮ್ಮ ಜೀವಕೋಶದ ಪ್ರೋಟೀನ್ ಕೂಡ ಇಂಥದೇ ಸರ. ಅದರ ಮಣಿಗಳೇ ಅಮೈನೋ ಆಮ್ಲಗಳು. ಸರ ಕೆಟ್ಟರೆ ಕೋಶ ಅದನ್ನು ಬಿಡಿಸಿ, ಮಣಿಗಳಿಂದ ಹೊಸ ಸರ ಪೋಣಿಸುತ್ತದೆ” ಎಂದೆ.

ಬಿಡಿಸುವ ಯಂತ್ರದ ಹೆಸರು ಪ್ರೋಟಿಯಾಸೋಮ್. ಯಾವ ಸರ ಬಿಡಿಸಬೇಕೆಂದು ಅದಕ್ಕೆ ಹೇಗೆ ತಿಳಿಯುತ್ತದೆ? ಕೆಟ್ಟ ಸರಕ್ಕೆ ಕೋಶ ಮೊದಲೇ ಚೀಟಿ ಅಂಟಿಸಿರುತ್ತದೆ! ಆ ಚೀಟಿಯೂ ಒಂದು ಪ್ರೋಟೀನೇ. ಹೆಸರು ಯುಬಿಕ್ವಿಟಿನ್, ಇರುವುದು ಬರೀ 76 ಮಣಿ. ಈ ಏರ್ಪಾಡನ್ನು ಕಂಡುಹಿಡಿದ ಆರನ್ ಸಿಕನೋವರ್, ಅವ್ರಾಮ್ ಹರ್ಷ್ಕೊ ಮತ್ತು ಇರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಚೀಟಿ ಅಂಟಿಸಲು ಕೋಶದಲ್ಲಿ ನೂರಾರು ಕೆಲಸಗಾರರಿದ್ದಾರೆ. ಅವರಲ್ಲೊಬ್ಬನ ಹೆಸರು ಪಾರ್ಕಿನ್. ಅವನನ್ನು ತಯಾರಿಸುವ ಜೀನ್ ನಮ್ಮ 6ನೇ ಕ್ರೋಮೋಸೋಮ್‌ನಲ್ಲಿದೆ. ಹರೆಯದಲ್ಲೇ ಈ ಕಾಯಿಲೆ ಕಾಣಿಸಿಕೊಂಡ ಕುಟುಂಬಗಳನ್ನು ಪರೀಕ್ಷಿಸಿದ ಜಪಾನಿನ ವಿಜ್ಞಾನಿಗಳು 1998ರಲ್ಲಿ ಅದನ್ನು ಗುರುತಿಸಿದರು. ಚೀಟಿ ಅಂಟಿಸುವುದೇ ಪಾರ್ಕಿನ್‌ನ ಕೆಲಸವೆಂದು 2000ದಲ್ಲಿ ತಿಳಿಯಿತು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಹಾಳಾದಾಗಲೂ ಅವುಗಳಿಗೆ ಚೀಟಿ ಹಚ್ಚುವವನು ಇವನೇ. ಇವನು ಕೈಕೊಟ್ಟರೆ, ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಒಂದೊಂದಾಗಿ ಸಾಯುತ್ತವೆ. ನಮ್ಮ ಕೈಕಾಲುಗಳ ಚಲನೆ ಹದವಾಗಿರಲು ಆ ಡೋಪಮೈನ್ ಬೇಕೇಬೇಕು.

“ಅದೆಲ್ಲ ಸರಿ, ನನ್ನ ಕಥೆ?” ಎಂದಳು. ಅವಳು ಬಿಡುವವಳಲ್ಲ!

“ಈ ಜೀನ್‌ನ ಎರಡು ಪ್ರತಿ ನಮ್ಮಲ್ಲಿರುತ್ತವೆ. ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಸಾಮಾನ್ಯವಾಗಿ ಎರಡೂ ಕೆಟ್ಟಿದ್ದರೆ ಮಾತ್ರ ಆ ಬಗೆಯ ಕಾಯಿಲೆ. ಅದು ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲೇ ಶುರುವಾಗುತ್ತದೆ. ನನಗೆ ಬಂದದ್ದು ಅರವತ್ತೆಂಟಕ್ಕೆ. ಈ ವಯಸ್ಸಿನಲ್ಲಿ ಬಂದಾಗ ಬಹುತೇಕ ಯಾವುದೋ ಒಂದೇ ಜೀನನ್ನು ದೂರುವಂತಿಲ್ಲ. ನಿನಗೆ ಬರುವುದೇ ಇಲ್ಲವೆಂದು ಆಣೆ ಹಾಕಲಾರೆ. ಆದರೆ ಅಜ್ಜನಿಗೆ ಬಂತೆಂದು ಮೊಮ್ಮಗಳಿಗೂ ಬರಬೇಕೆಂದೇನಿಲ್ಲ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೂಜಿ ದಾರ ತಂದಳು. ಸವೆದ ದಾರ ಕಿತ್ತು ಮಣಿಗಳನ್ನು ತಟ್ಟೆಗೆ ಸುರಿದಳು. ನಾನು ಒಂದೊಂದೇ ಮಣಿ ಕೊಟ್ಟೆ, ಅವಳು ಪೋಣಿಸಿದಳು. ಕೈ ನಡುಗಿ ನಾಲ್ಕಾರು ಮಣಿ ನೆಲಕ್ಕುರುಳಿದವು. ಅವಳು ನಗುತ್ತಲೇ ಹೆಕ್ಕಿಕೊಟ್ಟಳು.

ಅಜ್ಜ ಅಜ್ಜಿಯರೇ, ಮಕ್ಕಳು ನಿಮ್ಮ ಕಾಯಿಲೆಯ ಬಗ್ಗೆ ಕೇಳಿದರೆ “ನಿನಗ್ಯಾಕೆ, ಸುಮ್ಮನಿರು” ಎನ್ನಬೇಡಿ. ಆ ಪ್ರಶ್ನೆಯೊಳಗೆ ಒಂದು ಹೆದರಿಕೆ ಕುಳಿತಿರುತ್ತದೆ. ಪಕ್ಕದಲ್ಲಿ ಕೂರಿಸಿಕೊಂಡು, ತಿಳಿದಷ್ಟನ್ನು ನಿಜವಾಗಿ ಹೇಳಿ.