ನದೀಮೂಲದತ್ತ ಒಂದು ಹಗಲು
ಮಾರ್ಗದರ್ಶಿಯ ಬೆನ್ನುಹಿಡಿದು ನದೀಮುಖಜಭೂಮಿಯನ್ನು ಒಂದೇ ಹಗಲಿನಲ್ಲಿ ಕಂಡು ಬರುವ ಭಾಗ್ಯವು, ಕಡಲಿನಿಂದ ದೂರವಾಗಿ ಸುಮಾರು 900 ಮೀಟರ್ ಎತ್ತರದಲ್ಲಿ ನೆಲೆಸಿರುವ ಬೆಂಗಳೂರಿಗರಿಗೆ ಲಭ್ಯವಿಲ್ಲವಾದರೂ, ಪ್ರಾತಃಕಾಲದಲ್ಲಿ ವಾಹನವೇರಿ ದೇವನಹಳ್ಳಿಯ ಕೋಟೆಯನ್ನು ಹಾದು 1,478 ಮೀಟರ್ ಉನ್ನತವಾದ ನಂದಿಗಿರಿಯನ್ನು ಸೇರಿದವರಿಗೆ ನದಿಗಳ ಅಂತ್ಯಕ್ಕೆ ಪ್ರತಿಯಾಗಿ ಆದಿಯೇ ಗೋಚರಿಸುವುದುಂಟು. ಈ ಗಿರಿಶ್ರೇಣಿಯ ಆಸುಪಾಸಿನಲ್ಲಿ ಜನಿಸುವ ಅರ್ಕಾವತಿಯು ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿ, ಹೆಸರಘಟ್ಟವನ್ನೂ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನೂ ದಾಟಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯೊಡನೆ ಬೆರೆತು ತಂಜಾವೂರಿನ ಗದ್ದೆಗಳತ್ತ ಸಾಗಬೇಕಾದವಳು. ಇಲ್ಲಿಯೇ ಜನಿಸುವ ದಕ್ಷಿಣ ಪಿನಾಕಿನಿಯಾದರೋ ಹೊಸಕೋಟೆಯ ಕೆರೆಗೆ ನೀರೂಡಿ ಕಡಲೂರಿನ ಬಳಿ ಸಮುದ್ರವನ್ನು ಸೇರುವಳು. ಉತ್ತರ ಪಿನಾಕಿನಿಯ ಗಮ್ಯ ನೆಲ್ಲೂರಿನ ಸೀಮೆ. ನಂದಿಗಿರಿಯ ‘ಟಿಪ್ಪು ಡ್ರಾಪ್’ ಎಂಬ ಕಡಿದಾದ ಪ್ರಪಾತದ ರೋಮಾಂಚಕ ಕಥನಕ್ಕೆ ಮಾರ್ಗದರ್ಶಿಗಳು ವ್ಯಯಿಸುವ ಉತ್ಸಾಹದಲ್ಲಿ ಕಾಲುಭಾಗವಾದರೂ ಈ ಜಲವೃತ್ತಾಂತಕ್ಕೆ ಸಂದಿದ್ದರೆ (ಪ್ರವಾಸಿಗನೂ ಮೊಬೈಲನ್ನು ಕ್ಷಣಕಾಲ ಜೇಬಿಗಿಳಿಸಿದ್ದರೆ!) ಒಂದೇ ಬೆಟ್ಟದ ಮಳೆಯು ಮೂರು ಬೇರೆ ಬೇರೆ ಮುಖಗಳಿಂದ ಬಂಗಾಳ ಕೊಲ್ಲಿಯನ್ನು ಸೇರುವ ಸೋಜಿಗವು ಹಲವರಿಗೆ ತಿಳಿದಿರುತ್ತಿತ್ತು. ಹಾಗೆಂದು ಹರಿಯುವ ನೀರನ್ನೇ ಕಾಣುವೆನೆಂದು ಬೇಸಗೆಯಲ್ಲಿ ಹೊರಡಲಾಗದು. ನೀಲಗಿರಿಯ ತೋಪುಗಳೂ ಲೆಕ್ಕವಿಲ್ಲದ ಕೊಳವೆಬಾವಿಗಳೂ ಅಂತರ್ಜಲವನ್ನು ಹೀರಿರುವುದರಿಂದ, ಒಂದು ಕಾಲಕ್ಕೆ ರಾಜಧಾನಿಯ ದಾಹವನ್ನು ತಣಿಸಿದ ಅರ್ಕಾವತಿಯ ಮೇಲ್ಪಾತ್ರವು ವರ್ಷದ ಬಹುಭಾಗ ಬರಿದಾಗಿಯೇ ಇರುತ್ತದೆ.